‘ನಾನೊಬ್ಬ ಬರಲ್ಲ ಅಂದರೆ ಇನ್ನೊಬ್ಬ ಗಂಡಸನ್ನು ಕರೆಯುತ್ತಾರೆ, ಅಷ್ಟೇ ತಾನೆ?’

ವಿಚಾರ ಸಂಕಿರಣವೋ ಸಾಹಿತ್ಯ ಗೋಷ್ಠಿಯೋ ಟೆಕ್ ಕಾನ್ಫರೆನ್ಸೋ, ‘ಬರೀ ಗಂಡಸರೇ ಕೂರುವ ವೇದಿಕೆಗೆ ಒಪ್ಪಬೇಡಿ’ ಅಂದ ತಕ್ಷಣ ಭಾಷಣಕಾರರು ನಮಗೆ ಹಾಕುವ ಮರುಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಆಹ್ವಾನಪತ್ರಿಕೆ ಅಚ್ಚಾಗಿ, ಫ್ಲೆಕ್ಸ್ ಕಟ್ಟಿದ ಮೇಲೆ ಬರಲ್ಲ ಅಂದರೆ ಆಗುವುದು ಅಷ್ಟೇ. ಸಂಘಟಕರು ಸಿಟ್ಟಾಗುತ್ತಾರೆ, ನಿಮ್ಮ ಜಾಗಕ್ಕೆ ಊರಲ್ಲೇ ಸಿಗುವ ಇನ್ನೊಬ್ಬ ಪ್ರೊಫೆಸರ್ ಬಂದು ಕೂರುತ್ತಾರೆ. ಆಹ್ವಾನ ಬಂದ ದಿನವೇ, ಒಪ್ಪಿಗೆ ಕೊಡುವ ಮೊದಲೇ ಮಾತೆತ್ತಿದರೆ ಲೆಕ್ಕ ಬೇರೆ. ಆಗ ಪಟ್ಟಿ ಪಕ್ಕಾ ಆಗಿರುವುದಿಲ್ಲ, ಅವರಿಗೆ ನಿಮ್ಮ ‘ಹೂಂ’ ಬೇಕಾಗಿರುತ್ತದೆ.

ಏನು ಬರೆಯಬೇಕು? ಉಪದೇಶ ಬೇಡ, ವಾಟ್ಸ್ಯಾಪ್‌ನಲ್ಲಿ ನಾಲ್ಕು ಸಾಲು ಸಾಕು: ‘ನಮಸ್ಕಾರ ಸರ್, ಕರೆದಿದ್ದಕ್ಕೆ ಸಂತೋಷ. ಗೋಷ್ಠಿಯಲ್ಲಿ ಇನ್ನು ಯಾರ್‍ಯಾರು ಇದ್ದಾರೆ ತಿಳಿಸುತ್ತೀರಾ? ಮಾತಾಡುವವರಲ್ಲಿ ಮಹಿಳೆಯರು ಯಾರೂ ಇಲ್ಲದಿದ್ದರೆ ನಾನು ಒಪ್ಪುವುದಿಲ್ಲ. ಈ ವಿಷಯದಲ್ಲೇ ಕೆಲಸ ಮಾಡಿರುವ ಮೂವರ ಹೆಸರು, ನಂಬರು ಕಳಿಸುತ್ತೇನೆ.’ ಕೊನೆಯ ಸಾಲಿಲ್ಲದಿದ್ದರೆ ಉಳಿದದ್ದಕ್ಕೆ ಬೆಲೆ ಕಡಿಮೆ. ‘ಹುಡುಕಿದೆವು ಸರ್, ಯಾರೂ ಸಿಗಲಿಲ್ಲ’ ಎಂಬ ಮಾಮೂಲು ಉತ್ತರಕ್ಕೆ ಅದು ಮೊದಲೇ ಬಾಗಿಲು ಹಾಕುತ್ತದೆ. ಆದರೆ ಹೆಸರು ಕೊಡುವ ಮುನ್ನ ಆ ಮೂವರಿಗೂ ಫೋನ್ ಮಾಡಿ ಕೇಳಿ. ಕೇಳದೆ ನಂಬರ್ ಹಂಚುವುದು ಸಹಾಯವಲ್ಲ, ತಲೆನೋವು.

ಮೂವರೇ ಏಕೆಂದರೆ ಕರೆದವರೆಲ್ಲ ಬರುವುದಿಲ್ಲ. ಯುರೋಪಿನ ವಿಕಾಸ ಜೀವಶಾಸ್ತ್ರಜ್ಞರ 2011ರ ಸಮ್ಮೇಳನದ ಆಹ್ವಾನಗಳನ್ನು ಲೆಕ್ಕ ಹಾಕಿದಾಗ, ಆಹ್ವಾನ ಹೋದ ಮಹಿಳೆಯರಲ್ಲಿ ಶೇ. 50ರಷ್ಟು ಮಂದಿ ಬರಲಾಗದು ಅಂದಿದ್ದರು, ಗಂಡಸರಲ್ಲಿ ಶೇ. 26. ಇದನ್ನು ‘ನೋಡಿ, ಕರೆದರೂ ಬರಲ್ಲ’ ಎಂದು ಓದುವವರಿದ್ದಾರೆ. ನಾವು ಓದುವುದು ಹೀಗೆ: ಒಂದು ಜಾಗಕ್ಕೆ ಎರಡು ಮೂರು ಹೆಸರು ಇಟ್ಟುಕೊಳ್ಳಿ, ಮೂರು ತಿಂಗಳು ಮೊದಲೇ ಕೇಳಿ, ಒಬ್ಬರು ಆಗಲ್ಲ ಅಂದರೆ ಆ ಜಾಗಕ್ಕೆ ಮತ್ತೆ ಮಹಿಳೆಯನ್ನೇ ಕೇಳಿ. ಜೊತೆಗೆ ಹೋಗಿಬರುವ ಖರ್ಚು, ಪುಟ್ಟ ಮಗುವಿದ್ದರೆ ಜೊತೆಗೆ ಬರುವವರ ಟಿಕೆಟ್, ಇಳಿದುಕೊಳ್ಳುವ ಜಾಗ ಇವನ್ನು ಮೊದಲ ಪತ್ರದಲ್ಲೇ ಬರೆಯಿರಿ. ಹತ್ತೂವರೆಯ ಉದ್ಘಾಟನೆ ಹನ್ನೆರಡಕ್ಕೆ ಶುರುವಾಗಿ, ಮೂರು ಗಂಟೆಯ ಗೋಷ್ಠಿ ಏಳಕ್ಕೆ ಜಾರುವುದು ನಮ್ಮ ಜಿಲ್ಲೆಗಳಲ್ಲಿ ಹೊಸದೇನಲ್ಲ. ಏಳೂವರೆಗೆ ಕೊನೆಯ ಬಸ್ಸು ಹಿಡಿಯಬೇಕಾದವರು ಅಂಥ ಗೋಷ್ಠಿಗೆ ಒಪ್ಪುವುದು ಕಷ್ಟ.

ಇನ್ನು ಯಾರನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದು. ಅಭಿವೃದ್ಧಿ ಅರ್ಥಶಾಸ್ತ್ರಜ್ಞ ಓವನ್ ಬಾರ್ಡರ್ ರೂಪಿಸಿದ, ‘ಗಂಡಸರದ್ದೇ ವೇದಿಕೆಯಲ್ಲಿ ಕೂರುವುದಿಲ್ಲ’ ಎಂಬ ಪ್ರತಿಜ್ಞೆಯಲ್ಲಿ ಒಂದು ಜಾಣತನದ ಷರತ್ತಿದೆ: ಇಬ್ಬರು ಅಥವಾ ಹೆಚ್ಚು ಜನರ ಪ್ಯಾನೆಲ್‌ನಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಬೇಕು, ಅಧ್ಯಕ್ಷತೆ ವಹಿಸಿದವರನ್ನು ಲೆಕ್ಕಕ್ಕೆ ಸೇರಿಸುವಂತಿಲ್ಲ. ನಮ್ಮಲ್ಲಿ ಈ ಷರತ್ತನ್ನು ಇನ್ನಷ್ಟು ಹಿಗ್ಗಿಸಬೇಕು. ಪ್ರಾರ್ಥನೆ, ಸ್ವಾಗತ, ನಿರೂಪಣೆ, ವಂದನಾರ್ಪಣೆ ಯಾವುದೂ ಲೆಕ್ಕಕ್ಕಿಲ್ಲ. ಗುಂಪು ಫೋಟೊ ನೋಡಿದರೆ ವೇದಿಕೆಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು. ಮೈಕ್ ಮುಂದೆ ಇಪ್ಪತ್ತು ನಿಮಿಷ ನಿಂತವರು ಮಾತ್ರ ಎಲ್ಲರೂ ಗಂಡಸರು. ಪ್ರತ್ಯೇಕ ‘ಮಹಿಳಾ ಗೋಷ್ಠಿ’ ಇಟ್ಟು ಕೈತೊಳೆದುಕೊಳ್ಳುವುದೂ ಇದೇ ಜಾತಿಯದು. ನೀರಾವರಿ ತಜ್ಞೆಯನ್ನು ಕರೆದು ‘ನೀರು ಮತ್ತು ಮಹಿಳೆ’ ಬಗ್ಗೆ ಮಾತಾಡಿ ಅನ್ನುವುದಲ್ಲ, ನೀರಾವರಿಯ ಬಗ್ಗೆಯೇ ಕೇಳಬೇಕು.

‘ನಮ್ಮ ಕ್ಷೇತ್ರದಲ್ಲೇ ಹೆಂಗಸರು ಕಡಿಮೆ ಸ್ವಾಮಿ’ ಅನ್ನುವವರಿಗೆ ಸ್ವಲ್ಪ ಗಣಿತ. ಕ್ಷೇತ್ರದಲ್ಲಿ ನಾಲ್ಕರಲ್ಲಿ ಒಬ್ಬರು ಮಹಿಳೆ ಅಂದುಕೊಳ್ಳಿ. ಐದು ಜನರನ್ನು ಚೀಟಿ ಎತ್ತಿ ಆರಿಸಿದರೂ ನೂರಕ್ಕೆ ಸುಮಾರು 24 ಸಲ ಐವರೂ ಗಂಡಸರೇ ಬರುತ್ತಾರೆ. ಹಾಗಾಗಿ ಒಂದೇ ಗೋಷ್ಠಿ ನೋಡಿ ಸಂಘಟಕರ ಮೇಲೆ ಹರಿಹಾಯುವುದು ಸರಿಯಲ್ಲ. ಆದರೆ ಎರಡು ದಿನಕ್ಕೆ 20 ಭಾಷಣಕಾರರಿದ್ದು ಅಷ್ಟೂ ಮಂದಿ ಗಂಡಸರೇ ಆಗುವ ಸಾಧ್ಯತೆ ಸಾವಿರಕ್ಕೆ ಮೂರು ಮಾತ್ರ. ಅಂಥ ಪಟ್ಟಿ ಆಕಸ್ಮಿಕವಲ್ಲ, ಪರಿಚಯದವರ ಫೋನ್‌ಬುಕ್ಕಿನಿಂದ ಬಂದದ್ದು. ಭಾರತದ ವಿಜ್ಞಾನ ಸಮ್ಮೇಳನಗಳ ಪಟ್ಟಿಗಳನ್ನು 2020ರಿಂದ ಎಣಿಸುತ್ತಿರುವ ಬಯಾಸ್‌ವಾಚ್ ಇಂಡಿಯಾ ಮಾಡುವುದೂ ಇಂಥದ್ದೇ ಹೋಲಿಕೆ: ಆ ವಿಷಯದ ಬೋಧಕರಲ್ಲಿ ಮಹಿಳೆಯರೆಷ್ಟು, ವೇದಿಕೆಯ ಮೇಲೆಷ್ಟು.

ಪಟ್ಟಿ ಮಾಡುವವರು ಯಾರು ಎಂಬುದೇ ನಿಜವಾದ ಕೀಲಿ. ಅಮೆರಿಕದ ಸೂಕ್ಷ್ಮಜೀವಿಶಾಸ್ತ್ರಜ್ಞರ ಸಂಘದ ಸಭೆಗಳ 460 ಗೋಷ್ಠಿಗಳನ್ನು ಕಾಸಡೆವಾಲ್ ಮತ್ತು ಹ್ಯಾಂಡಲ್ಸ್‌ಮನ್ 2014ರಲ್ಲಿ ಪರಿಶೀಲಿಸಿದರು. ಸಂಚಾಲಕರಲ್ಲಿ ಒಬ್ಬಳಾದರೂ ಮಹಿಳೆ ಇದ್ದಲ್ಲಿ, ಗಂಡಸರೇ ಸಂಚಾಲಕರಾಗಿದ್ದ ಗೋಷ್ಠಿಗಳಿಗಿಂತ ಭಾಷಣಕಾರ್ತಿಯರ ಪ್ರಮಾಣ ಶೇ. 72ರಷ್ಟು ಹೆಚ್ಚಿತ್ತು. ಆದ್ದರಿಂದ ಸಂಚಾಲನಾ ಸಮಿತಿಗೇ ನಿಮ್ಮನ್ನು ಕರೆದರೆ ಷರತ್ತನ್ನು ಅಲ್ಲೇ ಹಾಕಿ. ಗೋಷ್ಠಿಯಲ್ಲಿ ಹಾಕುವುದಕ್ಕಿಂತ ಅಲ್ಲಿ ಹಾಕಿದರೆ ಹೆಚ್ಚು ಕೆಲಸ ಆಗುತ್ತದೆ.

ಎಲ್ಲರಿಗೂ ಒಂದೇ ಸಲಹೆ ಹೊಂದುವುದಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನಿರ್ದೇಶಕರಾಗಿದ್ದ ಫ್ರಾನ್ಸಿಸ್ ಕಾಲಿನ್ಸ್ 2019ರ ಜೂನ್‌ನಲ್ಲಿ ಇನ್ನು ಗಂಡಸರದ್ದೇ ವೇದಿಕೆಗೆ ಬರುವುದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಅಂಥ ಕುರ್ಚಿಯಲ್ಲಿರುವವರು ಹೇಳಿದರೆ ಸಂಘಟಕರು ಪಟ್ಟಿ ತಿದ್ದುತ್ತಾರೆ. ಈಗಷ್ಟೇ ಪಿಎಚ್‌.ಡಿ. ಮುಗಿಸಿದ ಅತಿಥಿ ಉಪನ್ಯಾಸಕನಿಗೆ ಸಿಕ್ಕ ಒಂದು ಆಹ್ವಾನವನ್ನೂ ಬಿಡು ಅನ್ನುವುದು ನಮಗೆ ಸರಿ ಕಾಣುವುದಿಲ್ಲ. ಅವನು ಪಟ್ಟಿ ಕೇಳಲಿ, ಹೆಸರು ಸೂಚಿಸಲಿ, ಸಾಕು. ಹೆಚ್ಚಿನ ಹೊರೆ ವಿಭಾಗದ ಮುಖ್ಯಸ್ಥರು ಹೊರಬೇಕು.

ಬರಲ್ಲ ಅಂದದ್ದನ್ನು ಫೇಸ್‌ಬುಕ್‌ನಲ್ಲಿ ಹಾಕಿ ಲೈಕು ಎಣಿಸಬೇಡಿ. ನಿಮ್ಮ ಜಾಗಕ್ಕೆ ಬಂದವರನ್ನು ‘ಇವರ ಬದಲಿಗೆ ಬಂದವರು’ ಎಂದೇ ಊರೆಲ್ಲ ನೋಡುತ್ತದೆ. ಒಪ್ಪಿ ಹೋದ ಮೇಲೂ ಕೆಲಸ ಇದೆ. ಆಹ್ವಾನಪತ್ರಿಕೆಯ ಕರಡು ತರಿಸಿಕೊಂಡು ನೋಡಿ: ಗಂಡಸರಿಗೆಲ್ಲ ‘ಡಾ.’, ಪಿಎಚ್‌.ಡಿ. ಮಾಡಿದ ಮಹಿಳೆಗೆ ‘ಶ್ರೀಮತಿ’ ಅಂತ ಅಚ್ಚಾಗಿರುವುದು ಬಹಳ ಸಾಮಾನ್ಯ, ತಿದ್ದಿಸಲು ಒಂದು ಫೋನ್ ಸಾಕು. ನೀವು ಅಧ್ಯಕ್ಷತೆಯಲ್ಲಿದ್ದರೆ ಮೊದಲ ಪ್ರಶ್ನೆಯನ್ನು ಸಭೆಯಲ್ಲಿರುವ ಮಹಿಳೆಯೊಬ್ಬರಿಂದ ತೆಗೆದುಕೊಳ್ಳಿ. ಹತ್ತು ದೇಶಗಳ 247 ಉಪನ್ಯಾಸಗಳನ್ನು ಗಮನಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಪ್ರಶ್ನೆ ಗಂಡಸಿನಿಂದ ಬಂದಾಗ ಆಮೇಲೆ ಮಹಿಳೆಯರು ಕೇಳಿದ ಪ್ರಶ್ನೆಗಳ ಪಾಲು ಇನ್ನೂ ತಗ್ಗಿತ್ತು. ಮತ್ತೆ, ಸಮಯದ ಅಭಾವ ಬಂದಾಗ ಕೊನೆಯಲ್ಲಿ ಮಾತಾಡಬೇಕಾದವರ ಇಪ್ಪತ್ತು ನಿಮಿಷವನ್ನು ಐದಕ್ಕೆ ಇಳಿಸುವ ಚೀಟಿ ಬರುತ್ತದಲ್ಲ, ಆ ಜಾಗದಲ್ಲಿ ಮಹಿಳೆಯಿದ್ದರೆ ಮೊದಲು ನಿಮ್ಮ ಸಮಯವನ್ನೇ ಕತ್ತರಿಸಿಕೊಳ್ಳಿ.