ಸಿಗ್ನಿಫಿಕೆಂಟ್ ಅಂದರೆ ದೊಡ್ಡದು ಅಂತಲ್ಲ

ಎಂ.ಎಸ್ಸಿ. ಪ್ರಬಂಧದ ಕರಡಿನಲ್ಲಿ ನಾನು ‘ಸಿಗ್ನಿಫಿಕೆಂಟ್’ ಪದವನ್ನು 11 ಕಡೆ ಬಳಸಿದ್ದೆ. ಗೈಡ್ ಮೇಡಂ 7 ಕಡೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು.

“ಇಲ್ಲಿ ಏನು ಹೇಳೋಕೆ ಹೊರಟಿದ್ದೀಯಮ್ಮ?”

“ರಾಗಿ ಇಳುವರಿ ತುಂಬಾ ಹೆಚ್ಚಾಯ್ತು ಅಂತ, ಮೇಡಂ.”

“ಹಾಗಿದ್ರೆ ಹಾಗೇ ಬರಿ. ಈ ಪದ ಬೇರೆ ಮಾತು ಹೇಳುತ್ತೆ.”

ನನ್ನ ಕೋಷ್ಟಕದಲ್ಲಿ ಎರಡು ಗೊಬ್ಬರಗಳ ನಡುವಿನ ಅಂತರ ಹೆಕ್ಟೇರಿಗೆ 2 ಕ್ವಿಂಟಾಲ್. ಅದರ ಕೆಳಗೇ ಬರೆದಿದ್ದ ಸಿ.ಡಿ. (ಕ್ರಿಟಿಕಲ್ ಡಿಫರೆನ್ಸ್, ಅಂದರೆ ಸಿಗ್ನಿಫಿಕೆಂಟ್ ಅನ್ನಿಸಿಕೊಳ್ಳಲು ಅಂತರ ದಾಟಬೇಕಾದ ಗೆರೆ) ಮೌಲ್ಯ 3. ಅಂತರ ಸಿ.ಡಿ.ಯನ್ನು ದಾಟಿಯೇ ಇಲ್ಲ! ರೈತನ ಕಣ್ಣಿಗೆ 2 ಕ್ವಿಂಟಾಲ್ ಸಣ್ಣದಲ್ಲ, ನಿಜ. ಆದರೆ ಸಂಖ್ಯಾಶಾಸ್ತ್ರ ಕೇಳುವ ಪ್ರಶ್ನೆಯೇ ಬೇರೆ: ಗೊಬ್ಬರಗಳಲ್ಲಿ ಏನೂ ವ್ಯತ್ಯಾಸ ಇಲ್ಲದಿದ್ದರೂ, ಬರೀ ಮಣ್ಣಿನ ಏರುಪೇರಿನಂಥ ಆಕಸ್ಮಿಕಗಳಿಂದ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಕಾಣುವ ಸಾಧ್ಯತೆ ಎಷ್ಟು? ಅದು ನೂರಕ್ಕೆ 5ಕ್ಕಿಂತ ಕಡಿಮೆ ಇದ್ದರೆ ಆ ಪದಕ್ಕೆ ಜಾಗ. ಪ್ರಯೋಗದ ತಾಕುಗಳು, ಅಂದರೆ ಹೊಲದ ತುಂಡುಗಳು, ಸಾಕಷ್ಟಿದ್ದರೆ ಅರ್ಧ ಕ್ವಿಂಟಾಲಿನ ಅಂತರವೂ ಸಿಗ್ನಿಫಿಕೆಂಟ್ ಆಗಬಹುದು.

ಇಪ್ಪತ್ತರಲ್ಲಿ ಒಂದು ಎಂಬ ಈ ಗೆರೆಯನ್ನು 1920ರ ದಶಕದಲ್ಲಿ ರೂಢಿಗೆ ತಂದವರು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್. ಆಗ ಅವರಿದ್ದದ್ದು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ. ನಮ್ಮಂಥ ಹೊಲದವರೇ ಈ ಪದವನ್ನು ಸಡಿಲವಾಗಿ ಬಳಸಿದರೆ ನನಗೆ ಸಂಕಟವಾಗುತ್ತದೆ. ಕನ್ನಡದಲ್ಲಿ ಇದಕ್ಕೆ ‘ಗಣನೀಯ’ ಅಂತ ಹಾಕುವುದೂ ನನಗೆ ಒಪ್ಪಿಗೆಯಿಲ್ಲ. ಅದು ಮತ್ತೆ ಗಾತ್ರದ ಮಾತೇ ಆಗುತ್ತದೆ.

ಆ ರಾತ್ರಿ ಕೂತು ವಾಕ್ಯ ತಿದ್ದಿದೆ: ‘ಇಳುವರಿ 2 ಕ್ವಿಂಟಾಲ್ ಹೆಚ್ಚಿತ್ತು, ಈ ಅಂತರ ಗೊಬ್ಬರದಿಂದಲೇ ಬಂತು ಎನ್ನಲು ಈ ಪ್ರಯೋಗದ ಪುರಾವೆ ಸಾಲದು.’