ಗಿಟಾರ್ ಜರ್ ಅಂದರೆ ಮೊದಲು ನೆಕ್ ನೋಡಿ

ತೀರ್ಥಹಳ್ಳಿ, ಆಗುಂಬೆ ಕಡೆಯ ಮಳೆಗಾಲದಲ್ಲಿ ಅಕೌಸ್ಟಿಕ್ ಗಿಟಾರಿನ ಮೇಲ್ಹಲಗೆ ತೇವ ಕುಡಿದು ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಒತ್ತಲು ಕಷ್ಟವೆಂದು ಆಗಲೇ ಸ್ಯಾಡಲ್ (ಮೇಲ್ಹಲಗೆಯ ಬಳಿ ತಂತಿಗಳು ಹಾಯುವ ಪುಟ್ಟ ಪಟ್ಟಿ) ಉಜ್ಜಬೇಡಿ. ಫೆಬ್ರವರಿಯ ಒಣಹವೆಗೆ ಹಲಗೆ ಇಳಿದಾಗ ತಂತಿ ಫ್ರೆಟ್‌ಗೆ, ಅಂದರೆ ನೆಕ್ (ಗಿಟಾರಿನ ಉದ್ದನೆಯ ಕತ್ತು) ಮೇಲಿನ ಲೋಹದ ಅಡ್ಡಪಟ್ಟಿಗೆ, ಬಡಿಯುತ್ತದೆ.

ನೆಕ್‌ನ ಬಾಗನ್ನು ಶ್ರುತಿ ಮಾಡಿಯೇ ಅಳೆಯಿರಿ. ಮೊದಲ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ದಪ್ಪ ತಂತಿಯನ್ನು 14ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು, 7ನೇ ಫ್ರೆಟ್‌ನ ನೆತ್ತಿಗೂ ತಂತಿಗೂ ನಡುವಿನ ಸಂದು ನೋಡಿ. ಸುಮಾರು 0.2 ಮಿ.ಮೀ. ಬೇಕು. (ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಬೈಕ್ ಮೆಕ್ಯಾನಿಕ್‌ಗಳ ಬಳಿ ಇರುತ್ತದೆ.) ಸಂದೇ ಇಲ್ಲದಿದ್ದರೆ ನೆಕ್‌ನೊಳಗಿನ ಉಕ್ಕಿನ ಸರಳನ್ನು (ಟ್ರಸ್ ರಾಡ್) ಅಪ್ರದಕ್ಷಿಣವಾಗಿ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಮತ್ತೆ ಶ್ರುತಿ, ಮತ್ತೆ ಅಳತೆ. ರಾಡ್ ತಿರುಗಿಸುವ ಆರು ಮೂಲೆಯ ಅಲನ್ ಕೀ ಪೂರ್ತಿ ಒಳಗೆ ಕೂರದೆ ತಿರುಗಿಸಿದರೆ ಮೂಲೆ ಸವೆದು ರಾಡೇ ಕೈಕೊಡುತ್ತದೆ.

ಆಮೇಲೆ 12ನೇ ಫ್ರೆಟ್ ಮೇಲಿನ ಎತ್ತರ: ದಪ್ಪ ತಂತಿಗೆ 2.5, ಸಣ್ಣದಕ್ಕೆ 2 ಮಿ.ಮೀ. ಸ್ಯಾಡಲ್ 1 ಮಿ.ಮೀ. ಏರಿಸಿದರೆ ಇಲ್ಲಿ ಅರ್ಧ ಮಿ.ಮೀ. ಏರುತ್ತದೆ.

ಬೆರಳಿಡದೆ ಮೀಟಿದ ತಂತಿ ಮಾತ್ರ ಜರ್ ಅಂದರೆ ನಟ್‌ನ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಚ್ಚು ಆಳವಾಗಿದೆ. ಒಂದೇ ಸ್ವರ ಕೆಟ್ಟರೆ ಅದರ ಮುಂದಿನ ಫ್ರೆಟ್ ಎದ್ದಿರಬಹುದು. ಮೂರು ಫ್ರೆಟ್‌ಗಳ ಮೇಲೆ ಪುಟ್ಟ ಉಕ್ಕಿನ ಪಟ್ಟಿ ಇಟ್ಟು ಒತ್ತಿ. ಟಕಟಕ ಅಲುಗಿದರೆ ನಡುವಿನದೇ ಕಳ್ಳ. ಅರ ಹಿಡಿಯುವ ಮುನ್ನ ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಕೂರುತ್ತದೆ.