ಲಡಾಖ್‌ನ 38, ನಮ್ಮ ಆರು ಕಾಪಿ

2020ರ ಜನವರಿ. ಬೆಂಗಳೂರಲ್ಲಿ ನಾನಿದ್ದ ಕಂಪನಿ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ತಿತ್ತು. ಬೆಳಿಗ್ಗೆ ಬೆಳಿಗ್ಗೇನೇ ಸಪೋರ್ಟ್ ಟೀಮಿಂದ ಫೋನು, ಲೇಹ್‌ನ ಒಬ್ಬ ವ್ಯಾಪಾರಿಗೆ ಬಿಲ್ ಆಗ್ತಿಲ್ಲ, ಜಿಎಸ್‌ಟಿ ನಂಬರ್ ತಪ್ಪು ಅಂತ ಬರ್ತಿದೆ. ನೋಡಿದ್ರೆ ನಂಬರ್ ಸರಿಯಾಗೇ ಇದೆ. ಆ 15 ಅಕ್ಷರದಲ್ಲಿ ಮೊದಲೆರಡು ರಾಜ್ಯದ ಕೋಡ್, ಕರ್ನಾಟಕದ್ದು 29, ಆಮೇಲೆ 10 ಅಕ್ಷರ ಪ್ಯಾನ್, ಕೊನೇದು ಚೆಕ್ ಡಿಜಿಟ್, ಅಂದ್ರೆ ನಂಬರ್ ಬರೆಯೋವಾಗ ತಪ್ಪಾಗಿದ್ರೆ ಹಿಡಿಯೋ ಅಕ್ಷರ. 2019ರ ಅಕ್ಟೋಬರ್ 31ಕ್ಕೆ ಲಡಾಖ್ ಬೇರೆ ಕೇಂದ್ರಾಡಳಿತ ಪ್ರದೇಶ ಆಯ್ತಲ್ಲ, ಅದಕ್ಕೆ 38 ಸಿಕ್ಕಿತ್ತು, ನಮ್ಮ ಪ್ರೋಗ್ರಾಂ ಮಾತ್ರ 37ರವರೆಗಿನ ರಾಜ್ಯದ ಕೋಡುಗಳನ್ನಷ್ಟೇ ಒಪ್ತಿತ್ತು. ಹತ್ತು ನಿಮಿಷದಲ್ಲಿ ಸರಿ ಮಾಡಿದೆ.

ವಾರ ಆಗಿಲ್ಲ, ಅದೇ ದೂರು ಇನ್ನೊಂದು ಪ್ರಾಡಕ್ಟಿಂದ. ಕೂತು ಕಂಪನಿಯ ಕೋಡ್ ಇಡೋ ಎಲ್ಲಾ ರೆಪೊ ಹುಡುಕಿದೆ, ನಂಬರ್ ಸರಿಯಿದೆಯಾ ಅಂತ ನೋಡೋ ಅದೇ ಫಂಕ್ಷನ್ ಆರು ಕಡೆ ಕಾಪಿ ಆಗಿದೆ, ಕಾಮೆಂಟಲ್ಲಿದ್ದ ಸ್ಪೆಲ್ಲಿಂಗ್ ತಪ್ಪು ಕೂಡ ಆರರಲ್ಲೂ ಹಾಗೇ ಇದೆ. ನಿಜವಾಗ್ಲೂ ಬೇಜಾರಾಯ್ತು.

ಕಾಮನ್ ಲೈಬ್ರರಿ ಮಾಡೋಣ, ಆ ಕೋಡ್ ಒಂದೇ ಕಡೆ ಇರ್ಲಿ, ಎಲ್ಲಾ ಟೀಮೂ ಅದನ್ನೇ ಬಳಸ್ಲಿ ಅಂದೆ. ಮ್ಯಾನೇಜರ್ ಕೇಳಿದ್ರು, "ಈ ಟೈಮ್‌ನ ಯಾವ ಪ್ರಾಜೆಕ್ಟ್ ಲೆಕ್ಕಕ್ಕೆ ಬರ್ಕೊಳ್ಳೋದು?" ಯಾರ ಹತ್ರಾನೂ ಉತ್ತರ ಇರ್ಲಿಲ್ಲ. ಒಬ್ರು ಸೀನಿಯರ್ ಮೇಡಂ 1996ರಲ್ಲಿ ಹಾರಿದ ಯುರೋಪಿನ ಏರಿಯಾನ್ 5 ರಾಕೆಟ್ಟಿನ ಕಥೆ ಹೇಳಿದ್ರು. ಹಿಂದಿನ ರಾಕೆಟ್ ಏರಿಯಾನ್ 4ರ ಕೋಡನ್ನ ಹಾಗೇ ಎತ್ತಿ ಹಾಕಿದ್ರಂತೆ, ಹೊಸ ರಾಕೆಟ್ಟಿನ ಅಡ್ಡ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆ ಕಂಪ್ಯೂಟರಲ್ಲಿ ಅದಕ್ಕಿಟ್ಟಿದ್ದ 16 ಬಿಟ್ (bit) ಜಾಗದಲ್ಲಿ ಹಿಡಿಸ್ಲಿಲ್ಲ, ಹಾರಿ ಸುಮಾರು 40 ಸೆಕೆಂಡಿಗೆ ಚೂರುಚೂರು. "ಯಾರ್ಯಾರಿಗೆ ಏನೇನು ಬೇಕು ಅಂತ ಮೊದ್ಲು ಕೇಳ್ಕೊಂಡು ಬಾಪ್ಪ" ಅಂದ್ರು.

ನಾನು ಕೇಳ್ಲಿಲ್ಲ. ಮೂರು ವಾರ ರಾತ್ರಿ ಕೂತು ಬರೆದು ಎಲ್ಲರಿಗೂ ಮೇಲ್ ಹಾಕಿದೆ. ಒಂದು ತಿಂಗಳಾದ್ರೂ ಒಬ್ರೂ ತಗೊಳ್ಲಿಲ್ಲ.

ಲಾಕ್‌ಡೌನಿಗೆ ಸ್ವಲ್ಪ ಮುಂಚೆ ಲ್ಯಾಪ್‌ಟಾಪ್ ಎತ್ಕೊಂಡು ಗೋಡೌನ್ ಸಾಫ್ಟ್‌ವೇರ್ ಮಾಡೋ ಟೀಮಿನ ಹತ್ರಾನೇ ಹೋಗಿ ಕೂತೆ. ಅವರ ಕಸ್ಟಮರ್‌ಗಳು ನಂಬರನ್ನ ವಾಟ್ಸಾಪಿಂದ ಕಾಪಿ ಮಾಡಿ ಹಾಕ್ತಾರೆ, ಮಧ್ಯೆ ಸ್ಪೇಸು, ಸಣ್ಣಕ್ಷರ ಎಲ್ಲಾ ಇರತ್ತೆ. ಅವರ ಕಾಪಿ ಅದನ್ನ ಸರಿಮಾಡ್ಕೊಂಡು ತಗೊಳ್ತಿತ್ತು, ನನ್ನ ಲೈಬ್ರರಿ ತಿರಸ್ಕರಿಸ್ತಿತ್ತು. ಅವರು ಹಾಕ್ಕೊಂಡಿದ್ರೆ ಅವತ್ತೇ ಬಿಲ್ಲಿಂಗ್ ನಿಂತುಬಿಡ್ತಿತ್ತು! ಅಲ್ಲಿದ್ದ ಹುಡುಗಿ ಇನ್ನೊಂದು ಕೇಳಿದ್ಲು, "ಸರ್, ಶುಕ್ರವಾರ ರಾತ್ರಿ ಇದು ಕೈ ಕೊಟ್ರೆ ನಾನು ಯಾರಿಗೆ ಫೋನ್ ಮಾಡ್ಲಿ?"

ಅಲ್ಲೇ ಲೈಬ್ರರಿ ಬಳಸೋರು ಮೊದಲು ಓದೋ ರೀಡ್‌ಮಿ ಫೈಲಿನ ಮೊದಲ ಸಾಲಲ್ಲಿ ನನ್ನ ಹೆಸರು, ನಂಬರ್ ಹಾಕಿದೆ. ಅವರ ಸ್ಪೇಸ್ ತೆಗೆಯೋ ಕೋಡನ್ನ ಒಳಗೆ ತಗೊಂಡೆ, ರಾಜ್ಯದ ಕೋಡುಗಳನ್ನ ಸಾಲು ಸಾಲಾಗಿ ಒಂದು ಪಟ್ಟಿಗೆ (ಟೇಬಲ್) ಹಾಕಿದೆ. ಮ್ಯಾನೇಜರ್ ಹತ್ರ ಜಗಳ ಆಡಿಯೇ ಗುರುವಾರ ಮಧ್ಯಾಹ್ನನ ಇದಕ್ಕೇ ಅಂತ ಬರೆಸ್ಕೊಂಡೆ. ಆಮೇಲೆ ಒಂದೊಂದೇ ಟೀಮು ಬಂತು.

ಅದೇ ವರ್ಷ ಎಲ್ಲರೂ ಮನೆಯಿಂದ ಕೆಲಸ ಮಾಡ್ತಿದ್ದಾಗ ದಮನ್ ದಿಯುನ 25 ಹೋಗಿ ದಾದ್ರಾ ನಗರ ಹವೇಲಿಯ 26ಕ್ಕೆ ಸೇರ್ತು. ನಾನು 25ರ ಸಾಲು ಅಳಿಸೋಕೆ ಹೊರಟಿದ್ದೆ, ಅಷ್ಟರಲ್ಲಿ ಅಕೌಂಟ್ಸ್ ಟೀಮಿಂದ ಮೆಸೇಜ್: "ಹಳೇ ಬಿಲ್ಲುಗಳಿಗೆ 25 ಬೇಕು, ತೆಗೀಬೇಡಿ, ಕೊನೇ ದಿನಾಂಕದ ಒಂದು ಕಾಲಂ ಸೇರಿಸಿ ಕಳಿಸಿದೀವಿ, ನೋಡಿ." ನಾನಲ್ಲದೆ ಬೇರೆಯವರು ಆ ಲೈಬ್ರರಿಗೆ ಬರೆದ ಮೊದಲ ಕೋಡು ಅದು. ಟೆಸ್ಟ್ ಕೂಡ ಅವರೇ ಬರೆದಿದ್ರು.